ಗ್ಯಾರೇಜಿಗೊಂದು ಬಾಗಿಲೆತ್ತುವ ಯಂತ್ರ

ನಮ್ಮ ಮನೆಗೆ ಊರಿನಿಂದ ಯಾರಾದರೂ ಬಂದರೆ ನಾನು ಮೊದಲು ತೋರಿಸುವುದು ದೇವರ ಮನೆಯನ್ನಲ್ಲ, ಗ್ಯಾರೇಜಿನ ಬಾಗಿಲನ್ನು. ಕಾರು ನಮ್ಮ ಬೀದಿಗೆ ತಿರುಗುತ್ತಿದ್ದ ಹಾಗೇ ಮುಂದುಗಡೆ ಸಿಕ್ಕಿಸಿರುವ, ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟಿನ ಗುಂಡಿ ಒತ್ತುತ್ತೇನೆ. ಅಷ್ಟು ದೂರದಲ್ಲಿ ಮನೆಯ ಮುಂಗೋಡೆಯ ಅರ್ಧ ಭಾಗ ಸದ್ದಿಲ್ಲದೆ ಮೇಲಕ್ಕೆ ಹೋಗಿ ಸೂರಿನಡಿಯಲ್ಲಿ ಅಡ್ಡಡ್ಡ ಮಲಗಿಬಿಡುತ್ತದೆ. ಒಳಗೆ ದೀಪ ತಾನೇ ಹತ್ತಿಕೊಳ್ಳುತ್ತದೆ. ಬಂದವರು ಮಾತು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಲಿ ಎಂದು ನನ್ನ ಆಸೆ. ಅವರೋ ಏರ್‌ಪೋರ್ಟಿನಲ್ಲಿ ಸೂಟ್‌ಕೇಸಿನ ಚಕ್ರ ಮುರಿದ ಕಥೆಯನ್ನು ಮುಂದುವರಿಸಿರುತ್ತಾರೆ. ಹಿಂದಿನ ಸೀಟಿನಿಂದ ಮಗಳು ಮೇಘನಾ ಮಾತ್ರ, "ಅಮ್ಮಾ, ಇಟ್ಸ್ ಜಸ್ಟ್ ಎ ಗ್ಯಾರೇಜ್ ಡೋರ್," ಎಂದು ನನ್ನ ಪರವಾಗಿ ನಾಚಿಕೊಳ್ಳುತ್ತಾಳೆ.

ಹೊರದೇಶಕ್ಕೆ ಬಂದು ಈ ಮಿಸಿಸಾಗದಲ್ಲಿ ಮನೆ ಮಾಡಿ ಇಷ್ಟು ವರ್ಷವಾದರೂ ನನ್ನ ಬೆರಗು ಕಡಿಮೆಯಾಗಿಲ್ಲ ಎಂದರೆ ಅದಕ್ಕೆ ನಾನು ಹೊಣೆಯಲ್ಲ. ಇಲ್ಲಿಯ ಮನೆಗಳಲ್ಲಿ ಮುಂಬಾಗಿಲು ಇರುವುದು ಮರ್ಯಾದೆಗೆ. ಮಾವಿನೆಲೆಯ ಪ್ಲಾಸ್ಟಿಕ್ ತೋರಣ, ರಂಗೋಲಿ ಸ್ಟಿಕ್ಕರು, ಪಾರ್ಸೆಲ್ ಡಬ್ಬ ಎಲ್ಲ ಅಲ್ಲಿ. ಸಂಸಾರ ಓಡಾಡುವುದು ಗ್ಯಾರೇಜಿನಿಂದ. ಸೋನಾ ಮಸೂರಿ ಮೂಟೆ ಬರುವುದು ಅದರಿಂದ, ಕಸದ ಡಬ್ಬ ಹೋಗುವುದು ಅದರಿಂದ. ಚಳಿಗಾಲದ ಟೈರು, ಬೇಸಗೆಯ ಸೈಕಲ್ಲು, ಗಣೇಶನ ಹಬ್ಬದ ಮಂಟಪ, ಯಾರಿಗೂ ಬೇಡದ ಟ್ರೆಡ್‌ಮಿಲ್ಲು ಎಲ್ಲ ಅದರ ಹೊಟ್ಟೆಯಲ್ಲಿ. ಆ ಬಾಗಿಲು ಏಳದಿದ್ದರೆ ಮನೆಯೇ ಏಳುವುದಿಲ್ಲ.

ಒಂದು ಜನವರಿಯಲ್ಲಿ ಅದು ಏಳಲಿಲ್ಲ.

ಆ ವಾರದ ಚಳಿಯನ್ನು ನಿಮಗೆ ಹೇಗೆ ಹೇಳಲಿ? ಉಸಿರೆಳೆದರೆ ಮೂಗಿನೊಳಗಿನ ಕೂದಲು ಗರಿಗರಿಯಾಗುವ ಚಳಿ. ಕಾಲಿಟ್ಟರೆ ಹಿಮ ಹಪ್ಪಳದ ಹಾಗೆ ಮುರಿಯುತ್ತದೆ. ಆಕಾಶ ಮಾತ್ರ ತೊಳೆದಿಟ್ಟ ಹಾಗೆ ನೀಲಿ, ಬಿಸಿಲು ಕಣ್ಣು ಕುಕ್ಕುವಷ್ಟು. ಆದರೆ ಆ ಬಿಸಿಲಿಗೆ ಕೈಯೊಡ್ಡಿದರೆ ಚಿತ್ರದಲ್ಲಿರುವ ಬೆಂಕಿಗೆ ಒಡ್ಡಿದಂತೆ. ಬಂದ ಹೊಸದರಲ್ಲಿ ಚಳಿಯ ಮೇಲೆ ನನಗೆ ಸಿಟ್ಟಿತ್ತು. ಈಗ ಇರುವುದು ಭಯಭಕ್ತಿ. ಇಷ್ಟು ದೊಡ್ಡದರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

ನಮಗೆ ಮನೆಯ ಜೊತೆಗೇ ಬಳುವಳಿಯಾಗಿ ಬಂದಿದ್ದ, ಬಾಗಿಲೆತ್ತುವ ಹಳೆಯ ಓಪನರ್ ಅದು, ಸೈಕಲ್ ಚೈನಿನಂಥ ಚೈನು ಎಳೆಯುವಂಥದ್ದು. ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬೆಳಗ್ಗೆ ಬೇಗ ಹೋಗಬೇಕು. ನಾನು ಗುಂಡಿ ಒತ್ತಿದೊಡನೆ ಅದು ಕಲ್ಲು ಅರೆಯುವ ಕಾರ್ಖಾನೆಯಂತೆ ಶುರುವಾಗಿ, ಅದರ ನೆತ್ತಿಯ ಮೇಲಿನ ಕೋಣೆಯಲ್ಲಿ ಮಲಗಿದ್ದ ಮೇಘನಾ ದಿನವೂ ನೆಲವನ್ನು ಗುದ್ದುತ್ತಿದ್ದಳು. ಆ ದಿನ ಗುಂಡಿ ಒತ್ತಿದೆ. ಗರ್ರ್ ಎಂದಿತು. ಬಾಗಿಲು ಅಲುಗಲಿಲ್ಲ. ಹಿಂದಿನ ಸಂಜೆ ಟೈರಿಗಂಟಿ ಬಂದ ಹಿಮ ಕರಗಿ, ಹರಿದು, ಬಾಗಿಲಿನಡಿಯ ರಬ್ಬರು ಪಟ್ಟಿಯ ಹತ್ತಿರ ನಿಂತು, ಹೆಪ್ಪುಗಟ್ಟಿ, ಬಾಗಿಲನ್ನೂ ನೆಲವನ್ನೂ ಒಂದು ಮಾಡಿಬಿಟ್ಟಿತ್ತು. ಮೋಟಾರು ಮತ್ತೊಮ್ಮೆ ಜಗ್ಗಿತು. ಮೇಲಿನ ಪೆಟ್ಟಿಗೆಯೊಳಗೆ ಕಡಲೆಬೀಜ ಜಗಿದಂಥ ಸದ್ದು. ಆಮೇಲೆ ಮೌನ.

ನಮ್ಮವರು ಪ್ರಭಾಕರ, ಕಾರ್ಕಳದವರು. ವಿಮೆ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಆದರೆ ಏಣಿ ಕಂಡರೆ ಅವರಿಗೆ ಎಂಜಿನಿಯರ್ ಆವೇಶವಾಗುತ್ತದೆ. ಪೈಜಾಮದ ಮೇಲೆ ಜಾಕೆಟ್ ಹಾಕಿಕೊಂಡು ಏಣಿ ಹತ್ತಿ, ಪೆಟ್ಟಿಗೆ ಬಿಚ್ಚಿ, ಬಿಳಿಯ ಪುಡಿಯೊಂದನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು.

"ಹಲ್ಲೆಲ್ಲ ಹೋಗಿದೆ ಮಾರಾಯ್ತಿ. ಒಳಗಿನ ಪ್ಲಾಸ್ಟಿಕ್ ಗೇರು ಪುಡಿ ಆಗಿದೆ. ಇನ್ನಿದು ಅಜ್ಜನ ಬಾಯಿ."

"ಅಜ್ಜನ ವಿಚಾರ ಆಮೇಲೆ. ಕಾರು ಒಳಗಿದೆ, ನಾನು ಕೆಲಸಕ್ಕೆ ಹೋಗೋದು ಹೇಗ್ರೀ?"

"ಬಸ್ಸುಂಟಲ್ಲ?"

ಬಸ್ಸಿತ್ತು. ಅದು ಬರುವ ತನಕ ಸ್ಟಾಪಿನಲ್ಲಿ ನಿಂತು ನಾನು ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಸಂಜೆ ಬಂದಾಗ ಅವರು ಗ್ಯಾರೇಜಿನಲ್ಲೇ ಇದ್ದರು. ಬಿಸಿನೀರು ಹುಯ್ದು ಐಸು ಬಿಡಿಸಿದ್ದರು. ಸೂರಿನಿಂದ ಇಳಿಬಿದ್ದಿದ್ದ ಕೆಂಪು ಹಗ್ಗ ಎಳೆದು ಬಾಗಿಲನ್ನು ಯಂತ್ರದಿಂದ ಬೇರೆ ಮಾಡಿದ್ದರು. ಮುಖದಲ್ಲಿ ಯಕ್ಷಗಾನದ ರಾತ್ರಿ ಮಕ್ಕಳ ಮುಖದಲ್ಲಿ ಕಾಣುವಂಥ ಕಳೆ.

"ಬಾ ಇಲ್ಲಿ. ಇದನ್ನು ಎತ್ತು ನೋಡುವ."

"ನಾನಾ? ಎರಡು ಕಾರಿನಗಲ ಇದೆ. ಸೊಂಟ ಮುರಿಯುತ್ತೆ."

"ಎತ್ತು ಅಂತ ಹೇಳಿದ್ದಲ್ಲವಾ? ಎರಡೇ ಬೆರಳಲ್ಲಿ."

ಹಿಡಿಗೆ ಬೆರಳು ಕೊಟ್ಟೆ. ಬಾಗಿಲು ಎದ್ದಿತು. ಹಾಲಿನ ಮೇಲಿನ ಕೆನೆ ಎತ್ತಿದ ಹಾಗೆ, ನನ್ನ ಬೆರಳಿನ ಜೊತೆಗೇ ಬಂತು. ಎದೆಮಟ್ಟಕ್ಕೆ ಬಂದಾಗ ಹೆದರಿ ಕೈ ಬಿಟ್ಟೆ. ಬೀಳಲಿಲ್ಲ. ನಿಂತಲ್ಲೇ ಗಾಳಿಯಲ್ಲಿ ನಿಂತಿತು. ಕಬ್ಬಿಣದ ಆ ಅಷ್ಟಗಲದ ಗೋಡೆ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನನ್ನ ಮುಂದಿನ ಮಾತಿಗಾಗಿ ಕಾಯುತ್ತಿರುವಂತೆ ಕಂಡಿತು.

"ಸ್ಪ್ರಿಂಗು," ಎಂದರು ಇವರು, ಬಾಗಿಲಿನ ತಲೆಯ ಮೇಲೆ ಸುರುಳಿಯಾಗಿ ಸುತ್ತಿದ್ದ ಉಕ್ಕಿನ ತಂತಿಯನ್ನು ತೋರಿಸುತ್ತ. "ಭಾರ ಪೂರ್ತಿ ಅದು ಹೊತ್ತುಕೊಂಡಿರ್ತದೆ. ಮೋಟಾರು ಸುಮ್ಮನೆ ದಾರಿ ತೋರಿಸುದು. ನಾವು ಇಷ್ಟು ವರ್ಷ ಆ ಪೆಟ್ಟಿಗೆಯೇ ಎತ್ತುದು ಅಂತ ತಿಳ್ಕೊಂಡಿದ್ದೆವು, ಗೊತ್ತುಂಟಾ?"

ನಾನು ಬಾಗಿಲನ್ನು ಇಳಿಸಿದೆ, ಎತ್ತಿದೆ, ಮತ್ತೆ ಇಳಿಸಿದೆ. ಮೇಘನಾ ಬಂದು ನೋಡಿ, "ಇಟ್ಸ್ ಫಿಸಿಕ್ಸ್, ಅಮ್ಮಾ. ಐ ಆ್ಯಮ್ ಹಂಗ್ರಿ," ಎಂದಳು. ಹಸಿವೂ ಫಿಸಿಕ್ಸೇ, ಸ್ವಲ್ಪ ತಡಿ ಎಂದೆ.

ಆ ರಾತ್ರಿ ಚಪಾತಿ ಲಟ್ಟಿಸುವಾಗೆಲ್ಲ ನನ್ನ ಕಣ್ಣೆದುರಿಗಿದ್ದದ್ದು ಅಪ್ಪನ ಅಂಗಡಿ. ಮೈಸೂರಿನಲ್ಲಿ ಅಪ್ಪ ದೇವರ ಪಟಗಳಿಗೆ ಕಟ್ಟು ಹಾಕಿಕೊಡುತ್ತಿದ್ದರು. ಮುಂದೆ ಸುರುಳಿ ಸುತ್ತಿಕೊಳ್ಳುವ ಷಟರ್. ಬೆಳಗ್ಗೆ ಅಪ್ಪ ಬೀಗ ತೆಗೆದು, ಹೊಸಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಗ್ಗಿ "ಹ್ಞೂಂ" ಎಂದರೆ ಸಾಕು, ಗಡಗಡಗಡ ಎಂದು ಬೀದಿಗೆಲ್ಲ ಕೇಳುವಂತೆ ಷಟರ್ ಮೇಲೇರುತ್ತಿತ್ತು. ಒಳಗಿನ ಕತ್ತಲೆಯಲ್ಲಿ ಲಕ್ಷ್ಮಿ, ವೆಂಕಟರಮಣ, ಚಾಮುಂಡಿ ಎಲ್ಲರ ಗಾಜೂ ಒಟ್ಟಿಗೆ ಮಿಂಚುತ್ತಿತ್ತು. ಲೋಕದಲ್ಲಿ ಅಪ್ಪನಷ್ಟು ಬಲಶಾಲಿ ಬೇರೆ ಯಾರೂ ಇಲ್ಲ ಎಂದು ನಾನು ಶಾಲೆಯಲ್ಲಿ ಬಾಜಿ ಕಟ್ಟಿದ್ದೆ. ಒಂದು ವರ್ಷ ಷಟರಿನ ಮೇಲಿನ ಗೂಡಿನಲ್ಲಿ ಗುಬ್ಬಚ್ಚಿ ಮೊಟ್ಟೆಯಿಟ್ಟಿತು. ಪೂರ್ತಿ ಎತ್ತಿದರೆ ಸುರುಳಿ ದಪ್ಪವಾಗಿ ಗೂಡು ನಜ್ಜುಗುಜ್ಜಾಗುತ್ತದೆ. ಮರಿ ಹಾರುವ ತನಕ ಅಪ್ಪ ಷಟರನ್ನು ಅರ್ಧಕ್ಕೇ ನಿಲ್ಲಿಸಿದರು. ಬಂದ ಗಿರಾಕಿಗಳು ಗೊಣಗಿದರೆ, "ದೇವರ ಪಟಕ್ಕೆ ಬರೋರು ಸ್ವಲ್ಪ ಬಗ್ಗಿ ಬಂದರೆ ತಪ್ಪೇನಿದೆ ಸ್ವಾಮಿ?" ಎನ್ನುತ್ತಿದ್ದರು. ಅರ್ಧಕ್ಕೆ ನಿಲ್ಲುವ ಷಟರಿನೊಳಗೂ ಒಂದು ಸ್ಪ್ರಿಂಗು ಇದ್ದಿರಬೇಕು ಎಂದು ನನಗೆ ಹೊಳೆದದ್ದು ಇಷ್ಟು ವರ್ಷದ ಮೇಲೆ, ಈ ಹಿಮದ ಊರಿನಲ್ಲಿ, ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಾಗ. ಅಪ್ಪನ ಬಲದ ಮೇಲಿನ ನನ್ನ ಗೌರವ ಮಾತ್ರ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಇರಲಿ. ಹೊಸ ಓಪನರ್ ಕೊಳ್ಳಬೇಕಿತ್ತು. ನಮ್ಮವರು ಅಳಿಯನನ್ನು ಹುಡುಕುವಷ್ಟು ಶ್ರದ್ಧೆಯಿಂದ ಹುಡುಕತೊಡಗಿದರು. ಊಟದ ತಟ್ಟೆಯ ಪಕ್ಕದಲ್ಲಿ ಫೋನು ಆನಿಸಿಟ್ಟುಕೊಂಡು ಯಾರು ಯಾರೋ ಗಡ್ಡದವರು ತಮ್ಮ ತಮ್ಮ ಗ್ಯಾರೇಜಿನಿಂದ ಮಾಡುವ ಉಪನ್ಯಾಸ ಕೇಳಿದರು. ಉದ್ದದ ತಿರುಪಿನ ಮೇಲೆ ಓಡುವ ಜಾತಿಯದು ಈ ಚಳಿಗೆ ಆಗದು, ಅದರ ಗ್ರೀಸು ಹಳೆಯ ಜೇನಿನಂತೆ ಗಟ್ಟಿಯಾಗುತ್ತದೆ. ಚೈನು ಗಟ್ಟಿಮುಟ್ಟು, ಆದರೆ ಚಳಿಗೆ ಇನ್ನಷ್ಟು ಒದರುತ್ತದೆ. ರಬ್ಬರು ಬೆಲ್ಟಿನದು ಮೌನಿ, ಮೈನಸ್ ಮೂವತ್ತಕ್ಕೂ ಬಾಗುತ್ತದಂತೆ. ಮೇಘನಾ ಒಂದೇ ಮಾತಿನಲ್ಲಿ ತನ್ನ ತೀರ್ಪು ಕೊಟ್ಟಳು: "ಡ್ಯಾಡ್, ಸೈಲೆಂಟ್ ಒನ್. ಪ್ಲೀಸ್. ಐ ಲಿವ್ ಅಬವ್ ಇಟ್."

ಸ್ಕಾರ್‌ಬರೋದಲ್ಲಿ ಸಂಕ್ರಾಂತಿಗೆಂದು ಕನ್ನಡದವರು ಸೇರಿದ್ದಾಗ ವಿಷಯ ಅಲ್ಲಿಗೂ ಹೋಯಿತು. ಎಳ್ಳುಬೆಲ್ಲ ಕೈಯಲ್ಲಿ ಹಿಡಿದ ಗಂಡಸರೆಲ್ಲ ಮೂಲೆಯಲ್ಲಿ ಗುಂಪುಗೂಡಿ ಇಷ್ಟು ಗಂಭೀರವಾಗಿ ಮಾತಾಡುತ್ತಿದ್ದರೆ, ಯಾರ ಮನೆಯಲ್ಲಿ ಏನಾಯಿತೋ ಎಂದು ನಾನು ಗಾಬರಿಯಿಂದ ಹತ್ತಿರ ಹೋದೆ. ಧಾರವಾಡದ ಪಾಟೀಲರು ಇವರ ಭುಜ ಹಿಡಿದು, "ಚೈನೇ ಹಾಕಸ್ರಿ ಸರ. ಸಪ್ಪಳಾ ಆದ್ರ ಆಗ್ಲಿ. ಮನೀ ಮಂದಿ ಬಂದದ್ದು ಹೋದದ್ದು ಗೊತ್ತಾಗಬೇಕಲ್ರೀ," ಎನ್ನುತ್ತಿದ್ದರು.

ನನ್ನದು ಒಂದೇ ಹಟ. "ಬ್ಯಾಟರಿ ಇರೋದು ತಗೊಳ್ಳಿ. ಕರೆಂಟು ಹೋದರೂ ಬಾಗಿಲು ತೆಗೀಬೇಕು."

"ಎಂತ ಬ್ಯಾಟರಿ? ಇಲ್ಲಿ ಕರೆಂಟು ಹೋಗುದು ಯಾವಾಗ? ನಿನ್ನ ಮೈಸೂರಲ್ಲ ಇದು. ಮೇಲಿಂದ ಬ್ಯಾಟರಿಗೆ ಚಳಿ ಆಗುದಿಲ್ಲ, ಅರ್ಧ ಶಕ್ತಿ ಅಲ್ಲೇ ಹೋಗ್ತದೆ."

"ಇನ್ನರ್ಧ ಇರುತ್ತಲ್ಲ, ಸಾಕು."

ಪರೀಕ್ಷೆಯ ಹಿಂದಿನ ದಿನವೇ ತಪ್ಪದೆ ದೀಪ ಹೋಗುತ್ತಿದ್ದ ಕಾಲದಲ್ಲಿ ಓದಿದವಳು ನಾನು. ಗೋಡೆಯಲ್ಲಿ ಸ್ವಿಚ್ಚಿದೆ ಎಂದ ಮಾತ್ರಕ್ಕೆ ಅದರ ಹಿಂದೆ ಕರೆಂಟಿದೆ ಎಂದು ಇಂದಿಗೂ ನಂಬುವುದಿಲ್ಲ. ಈ ಮನೆಯಲ್ಲೂ ಅಡುಗೆಮನೆಯ ಸೆಳೆಖಾನೆಯಲ್ಲಿ ಮೇಣದಬತ್ತಿ ಇಟ್ಟಿದ್ದೇನೆ. ಅದನ್ನು ನೋಡಿ ನಗುವವರು ಇಬ್ಬರು. ಕೊನೆಗೆ ಇವರು ಸೋತು, "ಸರಿ ಮಾರಾಯ್ತಿ, ನಿನ್ನ ಮೈಸೂರಿನ ಭೂತಕ್ಕೆ ಒಂದು ಬ್ಯಾಟರಿ ಬಡಿಸುವ," ಎಂದರು.

ಬೆಲ್ಟಿನದು, ಬ್ಯಾಟರಿ ಇರುವಂಥದ್ದು ಬಂತು. ಜೋಡಿಸುವವರು ಬಂದು ಜೋಡಿಸಿ ಹೋದರು. ಮೊದಲ ಸಲ ಗುಂಡಿ ಒತ್ತಿದಾಗ ಸದ್ದೇ ಕೇಳದೆ, ಇದೂ ಕೆಟ್ಟಿತಲ್ಲಪ್ಪ ಎಂದು ನಾನು ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಕ್ಕಾಲು ಎದ್ದಿತ್ತು. ಹೊರಗೆ ಬೀದಿ, ಹಿಮ, ಎದುರುಮನೆ ಎಲ್ಲ ಬಂದು ನಿಂತಿದ್ದವು.

ಎದುರುಮನೆ ಬಲಬೀರ್ ಅಂಕಲ್ ಅವರದು. ಪಂಜಾಬಿನವರು, ಈ ದೇಶದ ಈ ತುದಿಯಿಂದ ಆ ತುದಿಗೆ ಜೀವಮಾನವೆಲ್ಲ ಟ್ರಕ್ ಓಡಿಸಿದವರು. ಈಗ ಶ್ವಾಸಕೋಶ ಸೋತು, ಹಗಲೂ ರಾತ್ರಿಯೂ ಮೂಗಿಗೆ ಆಕ್ಸಿಜನ್ ಕೊಳವೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಯಂತ್ರವೊಂದು ಅವರಿಗಾಗಿ ಗಾಳಿ ಸೋಸಿ ಕೊಡುತ್ತದೆ. ಆ ಚಳಿಗಾಲ ಪೂರ್ತಿ ಅವರು ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಹೆಂಡತಿ ಜೀತೋ ಆಂಟಿ ಮಾತ್ರ ಆಗಾಗ ಸಾಸಿವೆ ಸೊಪ್ಪಿನ ಪಲ್ಯ ಹಿಡಿದು ಬರುತ್ತಿದ್ದರು. ನನ್ನ ಹಿಂದಿಗೆಲ್ಲ ಅವರೇ ಗುರು.

ಮಾರ್ಚ್ ಕೊನೆಯ ವಾರ. ಚಳಿಗಾಲ ಮುಗಿಯಿತೆಂದು ನಾವೆಲ್ಲ ನಂಬಿದ ಮೇಲೆ ಒಂದು ಸಂಜೆ ಮಳೆ ಶುರುವಾಯಿತು. ಬೀಳುವಾಗ ನೀರು, ಮುಟ್ಟಿದ ಕೂಡಲೇ ಗಾಜು. ಬೆಳಗ್ಗೆ ಎದ್ದರೆ ಮನೆಯಲ್ಲಿ ಫ್ರಿಜ್ಜಿನ ಗುನುಗೂ ಇಲ್ಲ. ಕರೆಂಟು ಹೋಗಿತ್ತು. ನಾನು ಇವರ ಕಡೆ ನೋಡಿದೆ. ಏನೂ ಮಾತಾಡಲಿಲ್ಲ. ಇಂಥ ಗಳಿಗೆಯಲ್ಲಿ ಮಾತಾಡದೆ ಇರುವುದರ ಸುಖ ನಿಮಗೆ ಗೊತ್ತಿರಬಹುದು.

"ಆಯ್ತಾಯ್ತು, ನೋಡುವ," ಎಂದು ಇವರು ಗ್ಯಾರೇಜಿಗೆ ಹೋಗಿ ಗುಂಡಿ ಒತ್ತಿದರು. ಬ್ಯಾಟರಿ ಒಂದು ಸಲ ಕೀಂ ಎಂದಿತು. ಬಾಗಿಲು ನಡುಗಿ, ಮೇಲೇಳತೊಡಗಿತು. ಅದರ ಹೊರಮೈಗೆ ಅಂಟಿದ್ದ ಐಸು ಹಾಳೆಹಾಳೆಯಾಗಿ ಕಳಚಿ, ಗಾಜಿನಂಗಡಿ ಬಿದ್ದ ಹಾಗೆ ಝಲ್ಲೆಂದು ನೆಲಕ್ಕೆ ಬಿತ್ತು. ಸತ್ತಂತೆ ಬಿದ್ದಿದ್ದ ಆ ಬೀದಿಯಲ್ಲಿ ಅಲುಗಿದ್ದು ಅದೊಂದೇ.

ಜೀತೋ ಆಂಟಿ ಕಿಟಕಿಯಿಂದ ಅದನ್ನು ನೋಡಿದ್ದರು. ಮರುಗಳಿಗೆಯಲ್ಲೇ ಗಂಡನ ದೊಡ್ಡ ಜಾಕೆಟ್ ಹಾಕಿಕೊಂಡು, ಮಗುವಿನ ಹಾಗೆ ಕುಕ್ಕರಗಾಲಲ್ಲಿ ಜಾರುತ್ತ ಬೀದಿ ದಾಟಿ ಬಂದರು.

"ಬೇಟಿ, ತುಮ್ಹಾರಾ ಕೈಸೇ ಖುಲ್ ಗಯಾ? ಹಮಾರಾ ನಹೀ ಖುಲ್ ರಹಾ!" ನಿಮ್ಮದು ಹೇಗೆ ತೆರೆಯಿತು, ನಮ್ಮದು ತೆರೆಯುತ್ತಿಲ್ಲ ಎನ್ನುತ್ತ ನನ್ನ ತೋಳು ಹಿಡಿದುಕೊಂಡರು. ಅಂಕಲ್ ಅವರ ಯಂತ್ರ ನಿಂತಿದೆ. ಕೈಯಲ್ಲಿ ಒಯ್ಯುವ ಸಣ್ಣ ಸಿಲಿಂಡರಿನಲ್ಲಿ ಉಸಿರಾಡುತ್ತಿದ್ದಾರೆ, ಅದರ ಮುಳ್ಳು ಕೆಂಪಿನ ಹತ್ತಿರ ಬಂದಿದೆ. ಮಗ ಟ್ರಕ್ ತೆಗೆದುಕೊಂಡು ವಿನ್ನಿಪೆಗ್ ಕಡೆ ಹೋಗಿದ್ದಾನೆ.

ಮೇಘನಾ ಅಷ್ಟರಲ್ಲೇ ಫೋನು ಹಿಡಿದಿದ್ದಳು. "ಆ್ಯಂಬ್ಯುಲೆನ್ಸ್ ಬರ್ತಾರಂತೆ ಅಮ್ಮಾ," ಎಂದಳು. ಅವಳು ತಾನಾಗಿ ಕನ್ನಡದಲ್ಲಿ ಮಾತಾಡುವುದು ಹೆದರಿದಾಗ. "ಬಟ್ ಯಾವಾಗ ಅಂತ ಹೇಳಕ್ಕಾಗಲ್ವಂತೆ. ರೋಡಲ್ಲೆಲ್ಲ ಆ್ಯಕ್ಸಿಡೆಂಟ್ಸ್."

ನಮ್ಮ ಕಾರಿಗೆ ಅವರನ್ನು ಕರೆತರುವಂತಿರಲಿಲ್ಲ. ಮೆಟ್ಟಿಲು, ಅಂಗಳ, ಬೀದಿ ಎಲ್ಲ ಗಾಜು. ಆಂಟಿ ಬಂದದ್ದೇ ಪವಾಡ. ಮನೆಯೊಳಗಿನಿಂದಲೇ ಗ್ಯಾರೇಜಿಗೆ ಇಳಿಸಿ, ಅಲ್ಲಿರುವ ಅವರದೇ ವ್ಯಾನಿನಲ್ಲಿ ಕೂರಿಸಬೇಕು. ಅದಕ್ಕೆ ಆ ಬಾಗಿಲು ತೆರೆಯಬೇಕು. ಇವರು ಉಪ್ಪಿನ ಚೀಲವನ್ನು ಬಗಲಿಗಿಟ್ಟುಕೊಂಡು ಚೆಲ್ಲುತ್ತ ದಾರಿ ಮಾಡಿದರು, ನಾವು ಹಿಂದೆ ಹೋದೆವು.

ಒಳಗೆ ಅಂಕಲ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದರು. ಪಗಡಿ ಮಾತ್ರ ಅಚ್ಚುಕಟ್ಟು. ತುಟಿ ಸ್ವಲ್ಪ ನೀಲಿ. ಮಾತಿಗೆ ಉಸಿರಿರಲಿಲ್ಲ, ನಮ್ಮನ್ನು ಕಂಡು ಕೈಯೆತ್ತಿದರು. ಆಂಟಿಯೂ ಮೇಘನಾಳೂ ಎರಡು ಕಡೆ ಹಿಡಿದು ಅವರನ್ನು ಗ್ಯಾರೇಜಿಗಿಳಿಸಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಹಳೆಯ ಟ್ರಕ್ಕಿನವರ ಮನೆಯಲ್ಲವೇ, ವ್ಯಾನು ಬಾಗಿಲಿನ ಕಡೆ ಮುಖ ಮಾಡಿ ನಿಂತಿತ್ತು.

ಇವರು ಫೋನಿನ ಬೆಳಕಿನಲ್ಲಿ ಏಣಿ ಹತ್ತಿದರು. ಕೆಂಪು ಹಗ್ಗ ಎಂದೋ ಹರಿದುಹೋಗಿತ್ತು. ಉಳಿದಿದ್ದ ಕೊಂಡಿಯನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದರು. ಟಕ್ಕೆಂದಿತು. ನಾನು ಗ್ಯಾಸ್ ಒಲೆಗೆ ಬೆಂಕಿಕಡ್ಡಿ ಗೀರಿ ನೀರು ಕಾಯಿಸಿದೆ. ಅದನ್ನು ಒಯ್ದು ಇವರು ಹೊರಗಿನಿಂದ ಬಾಗಿಲಿನಡಿಗೆ ಹುಯ್ಯುತ್ತ ಬಂದರು.

"ಈಗ ಎತ್ತಿ!" ಹೊರಗಿನಿಂದ ಕೂಗು. "ಬೇಗ, ಪುನಃ ಗಟ್ಟಿ ಆಗ್ತದೆ! ಆದರೆ ಮೆಲ್ಲ, ಮೆಲ್ಲ! ಮೇಲೆಲ್ಲ ಐಸುಂಟು!"

ನಾನೊಂದು ಕಡೆ, ಜೀತೋ ಆಂಟಿ ಒಂದು ಕಡೆ ಬಗ್ಗಿದೆವು. "ಇತ್ನಾ ಭಾರೀ!" ಎಂದು ಆಂಟಿ ಕೈ ಹಿಂದೆ ತೆಗೆದರು. ಭಾರ ಇಲ್ಲ ಆಂಟಿ, ಸುಮ್ಮನೆ ಕೈ ಕೊಡಿ ಎಂದೆ ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು. ರಬ್ಬರು ಪರ್ರ್ ಎಂದು ನೆಲ ಬಿಟ್ಟಿತು. ಬಾಗಿಲು ನಮ್ಮ ಕೈಯಲ್ಲಿ ಎದ್ದಿತು.

ಅಷ್ಟರಲ್ಲಿ ಸೂರ್ಯ ಬಂದಿದ್ದ. ಮೊದಲು ಒಂದು ಗೆರೆ ಬೆಳಕು ಒಳಗೆ ಬಂತು. ಆಮೇಲೆ ಮೊಣಕಾಲಿನೆತ್ತರ ಬೆಳಕು. ಅಂಗಳ ಕಂಡಿತು, ಒಂದೊಂದು ಹುಲ್ಲಿನೆಸಳಿಗೂ ಒಂದೊಂದು ಗಾಜಿನ ಕೊಳವೆ ತೊಡಿಸಿದಂತೆ. ಇನ್ನೂ ಸ್ವಲ್ಪ ಎತ್ತಿದೆವು. ಬೇಲಿ ಬಂತು, ಅಂಚೆಪೆಟ್ಟಿಗೆ ಬಂತು, ಮೇಪಲ್ ಮರದ ಕಾಂಡ ಬಂತು. ಐಸಿನ ಹಾಳೆಗಳು ಕಳಚಿ ಬೀಳುತ್ತಿದ್ದವು, ನಾವು ನಿಂತು ನಿಂತು ಎತ್ತುತ್ತಿದ್ದೆವು. ಕೊನೆಗೆ ಮರದ ರೆಂಬೆ, ಕಡ್ಡಿ, ಚಿಗುರಬೇಕಾದ ಮೊಗ್ಗು ಎಲ್ಲ ಒಟ್ಟಿಗೆ ಬಂತು. ಪ್ರತಿಯೊಂದರೊಳಗೂ ಬಿಸಿಲು ಹೊಕ್ಕು ಕೂತಿತ್ತು. ಇಡೀ ಬೀದಿ ಉರಿಯುತ್ತಿತ್ತು, ಒಂದಿಷ್ಟೂ ಬಿಸಿಯಿಲ್ಲದೆ. ಗಾಳಿ ಬಂದಾಗ ಮರಗಳು ಕಿಣಿಕಿಣಿ ಎಂದವು.

ಇವರು ಓಡಿ ಬಂದು ಚಾಲಕನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಆಗ ಅಂಕಲ್ ಇವರ ಕೈ ಹಿಡಿದುಕೊಂಡರು.

"ರುಕ್ ಜಾ, ಪುತ್ತರ್," ಎಂದರು. ಸ್ವಲ್ಪ ನಿಲ್ಲು ಮಗನೇ. ಒಂದೊಂದು ಮಾತಿಗೂ ಒಂದೊಂದು ಉಸಿರು. "ದೇಖ್... ಲೇನೇ ದೇ." ನೋಡಿಕೊಳ್ಳಲು ಬಿಡು.

ಸಿಲಿಂಡರಿನ ಮುಳ್ಳು ಕೆಂಪಿನಲ್ಲಿತ್ತು. ಆಸ್ಪತ್ರೆಯ ದಾರಿ ಹೇಗಿದೆಯೋ ಗೊತ್ತಿರಲಿಲ್ಲ. ಆದರೂ ನಾವ್ಯಾರೂ ಅವಸರ ಮಾಡಲಿಲ್ಲ, ಮಾಡಲು ಆಗಲಿಲ್ಲ. ಅವರು ನೋಡಿದರು. ಅವರ ಕಣ್ಣಿನ ಜೊತೆ ನಾವೂ ನೋಡಿದೆವು. ಮೇಘನಾ ಫೋನು ಎತ್ತಿ ಫೋಟೋ ತೆಗೆಯಲಿಲ್ಲ ಎಂಬುದು ಈಗ ನೆನಪಾಗುತ್ತದೆ. "ವಾಹ್ ರಬ್ಬಾ," ಎಂದರು ಅಂಕಲ್, ಆಹಾ ದೇವರೇ ಎಂದು. ಆಮೇಲೆ ಅವರೇ, "ಚಲ್," ಎಂದರು.

ದೊಡ್ಡ ರಸ್ತೆಗೆ ಉಪ್ಪು ಹಾಕಿದ್ದರು. ಇವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಕಾರ್ಕಳದ ದೈವಗಳಿಗೆಲ್ಲ ಹರಕೆ ಹೇಳಿಕೊಳ್ಳುತ್ತ ಹೋದರಂತೆ. ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತರುವ ಹೊತ್ತಿಗೆ ಸಿಲಿಂಡರು ಬರಿದಾಗಿತ್ತು. ಅಲ್ಲಿಯವರು ಕೂಡಲೇ ಬೇರೆಯದು ಹಚ್ಚಿದರು. ಬೀದಿಗೆ ಕರೆಂಟು ಬರುವ ತನಕ ಅಲ್ಲೇ ಇಟ್ಟುಕೊಂಡು, ಆಮೇಲೆ ಅಂಕಲ್ ಅವರನ್ನು ಮನೆಗೆ ಕಳಿಸಿದರು. ಬಿಸಿಲೇರಿದ ಹಾಗೆ ಬೀದಿಯ ಗಾಜೆಲ್ಲ ಕರಗಿ, ಮಧ್ಯಾಹ್ನಕ್ಕೆ ಬರೀ ಒದ್ದೆ ಮರಗಳು ಉಳಿದವು.

ಏಪ್ರಿಲ್‌ನಲ್ಲಿ ಅಂಕಲ್ ಇವರಿಗೆ ಹೇಳಿಕಳಿಸಿದರು. ತಮಗೂ ಹೊಸ ಓಪನರ್ ಬೇಕು, ಯಾವುದೆಂದು ಹೇಳಬೇಕು. ನಮ್ಮವರಿಗೆ ಇದಕ್ಕಿಂತ ಸಂತೋಷದ ವಿಷಯ ಇನ್ನೇನಿದೆ? ಚಹಾ ಆರಲು ಬಿಟ್ಟು, ತಿರುಪಿನ ದೋಷ, ಚೈನಿನ ಸದ್ದು, ಬೆಲ್ಟಿನ ಗುಣ, ಚಳಿಯಲ್ಲಿ ಬ್ಯಾಟರಿಯ ಮಹತ್ವ ಎಲ್ಲ ಹೇಳಿದರು. ಬ್ಯಾಟರಿಯ ಭಾಗವನ್ನು ತಾವೇ ಕಂಡುಹಿಡಿದವರಂತೆ ಹೇಳಿದರು. ಅಂಕಲ್ ಎಲ್ಲ ಕೇಳಿ, ಬ್ಯಾಟರಿ ಇರಲಿ ಎಂದು ತಲೆಯಾಡಿಸಿ, ಉಳಿದದ್ದನ್ನು ಕೈಯಲ್ಲೇ ಬದಿಗೆ ಸರಿಸಿದರು.

"ಉಸ್ ದಿನ್ ಜೈಸೇ ಖುಲೇ," ಎಂದರು. "ಧೀರೇ ಧೀರೇ."

ಆ ದಿನ ನಾವು ಕೈಯಲ್ಲಿ ಎತ್ತಿದ ಹಾಗೆ, ಮೆಲ್ಲಗೆ ತೆರೆಯುವಂಥದ್ದು. ನಮ್ಮವರು ಕೇಳಿದ್ದ ಅಷ್ಟು ಉಪನ್ಯಾಸಗಳಲ್ಲಿ ಬೇಗ ತೆರೆಯುವುದರ ಹೊಗಳಿಕೆಯಿತ್ತು, ನಿಧಾನದ ಮಾತೇ ಇರಲಿಲ್ಲ. ಮತ್ತೆ ವಾರಗಟ್ಟಲೆ ಹುಡುಕಿ, ವೇಗವನ್ನು ನಮಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದಾದ ಒಂದನ್ನು ಕಂಡುಹಿಡಿದರು. ಅದರ ಕಡೆಯ ಮೆಟ್ಟಿಲಿಗೆ ಇಳಿಸಿ ಕೊಟ್ಟರು.

ಈಗ ದಿನವೂ ಬೆಳಗ್ಗೆ ಅಂಕಲ್ ಗ್ಯಾರೇಜಿನೊಳಗೆ ಕುರ್ಚಿ ಹಾಕಿಸಿಕೊಂಡು, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಕೂತು, ಗುಂಡಿಯನ್ನು ತಾವೇ ಒತ್ತುತ್ತಾರೆ. ಒಳಗಿನಿಂದ ಅವರಿಗೆ ಏನೇನು ಯಾವ ಕ್ರಮದಲ್ಲಿ ಕಾಣುತ್ತದೋ ನನಗೆ ತಿಳಿಯದು. ನಮ್ಮ ಕಿಟಕಿಯಿಂದ ನನಗೆ ಮೊದಲು ಅವರ ಚಪ್ಪಲಿ ಕಾಣುತ್ತದೆ. ಆಮೇಲೆ ಮೊಣಕಾಲು, ಅದರ ಮೇಲೆ ಮಡಿಸಿಟ್ಟ ಕೈ, ಬಿಳಿ ಗಡ್ಡ, ಮೂಗಿನ ಕೊಳವೆ, ಆಗಲೇ ನಗುತ್ತಿರುವ ಕಣ್ಣು. ಎಲ್ಲಕ್ಕಿಂತ ಕೊನೆಗೆ ಹಳದಿ ಪಗಡಿ.